ಎಂಎಕ್ಸ್-4 ಪೇಸ್ಟ್: ಜೋಡಿ ಜಿಯಾನ್ ಯಂತ್ರಕ್ಕೆ, ದಾವಣಗೆರೆ ಬೇಸಿಗೆಗೆ

ಫ್ಲೆಕ್ಸ್, ಆಲ್ಬಂ ಕೆಲಸಕ್ಕೆ ಕೊಂಡ ಹಳೇ ಡ್ಯುಯಲ್ ಜಿಯಾನ್ (ಇಂಟೆಲ್‌ನ ಎರಡು ಜಿಯಾನ್ ಪ್ರೊಸೆಸರ್‌ಗಳಿರುವ) ವರ್ಕ್‌ಸ್ಟೇಷನ್ ವಿಪರೀತ ಬಿಸಿಯಾಗುತ್ತಿದೆ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಆರ್ಕ್ಟಿಕ್ ಕಂಪನಿಯ ಎಂಎಕ್ಸ್-4 ಟ್ಯೂಬು. ಪ್ರೊಸೆಸರಿಗೂ ಅದರ ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಈ ಪೇಸ್ಟು ಒಳ್ಳೆಯದೇ. ಕಾಯಿಲೆ ಪೇಸ್ಟಿನದೇ ಹೌದೋ ಅಲ್ಲವೋ, ಅದನ್ನು ಮೊದಲು ನೋಡಬೇಕು.

ಎಚ್‌ಡಬ್ಲ್ಯೂ‌ಇನ್ಫೋ (ತಾಪ ತೋರಿಸುವ ತಂತ್ರಾಂಶ) ತೆರೆದು ಎರಡೂ ಪ್ರೊಸೆಸರ್‌ಗಳ ತಾಪವನ್ನು ಬೇರೆಬೇರೆ ಇಟ್ಟುಕೊಂಡು ರೆಂಡರಿಂಗ್ ಶುರು ಮಾಡಿ. ಎರಡು-ಮೂರು ಸೆಕೆಂಡಿನಲ್ಲೇ 50ರಿಂದ 90 ಡಿಗ್ರಿಗೆ ಜಿಗಿದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ಪೇಸ್ಟು ಒಣಗಿ ಚಕ್ಕೆಯಾಗಿದೆ, ಟ್ಯೂಬು ತನ್ನಿ. ಹತ್ತು-ಹದಿನೈದು ನಿಮಿಷ ಮೆಲ್ಲಗೆ ಏರುತ್ತಾ ಹೋದರೆ ಅದು ಗಾಳಿಯ ತೊಂದರೆ. ಮಂಡಕ್ಕಿ ಭಟ್ಟಿ, ರೈಸ್ ಮಿಲ್ ಆಸುಪಾಸಿನ ಯಂತ್ರಗಳ ಹೀಟ್‌ಸಿಂಕ್ ಸಂದಿಗಳಲ್ಲಿ ಮಸಿ, ತೌಡಿನ ಧೂಳು ಕಂಬಳಿಯಂತೆ ಕೂತಿರುತ್ತದೆ. ಅದಕ್ಕೆ ಬ್ಲೋವರ್ ಸಾಕು. ಊದುವಾಗ ಫ್ಯಾನನ್ನು ಬೆರಳಿಂದ ಹಿಡಿದಿರಿ. ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ.

ಒಂದೇ ಪ್ರೊಸೆಸರ್ ಬಿಸಿಯಾಗುವುದು ಇನ್ನೊಂದು ಕಥೆ. ಎಷ್ಟೋ ಬೋರ್ಡುಗಳಲ್ಲಿ ಎರಡೂ ಒಂದರ ಹಿಂದೆ ಒಂದಿರುತ್ತವೆ. ಮುಂದಿನದು ಕಾಯಿಸಿದ ಗಾಳಿಯನ್ನೇ ಹಿಂದಿನದು ಕುಡಿಯಬೇಕು. 5-10 ಡಿಗ್ರಿ ಅಂತರ ಸಹಜ. 20 ಇದ್ದರೆ, ಹೀಟ್‌ಸಿಂಕ್‌ಗಳ ಅಳತೆ ಒಂದೇ ಆಗಿದ್ದಲ್ಲಿ, ಹೊಸ ಪೇಸ್ಟು ಹಾಕಿ ಅದಲುಬದಲು ಮಾಡಿ. ಎರಡೂ ಸರಿಹೋದರೆ ತಪ್ಪು ಹಳೇ ಪೇಸ್ಟಿನದು ಅಥವಾ ಸಡಿಲ ಸ್ಕ್ರೂನದು. ಬಿಸಿ ಹೀಟ್‌ಸಿಂಕ್ ಜೊತೆಗೇ ಹೋದರೆ ಅದರ ಫ್ಯಾನೋ ಹೀಟ್‌ಪೈಪೋ ಸತ್ತಿದೆ. ಸಾಕೆಟ್ಟಿನಲ್ಲೇ (ಪ್ರೊಸೆಸರ್ ಕೂರುವ ಜಾಗದಲ್ಲೇ) ಉಳಿದರೆ ಗಾಳಿ ಸಾಗಿಸುವ ಪ್ಲಾಸ್ಟಿಕ್ ಹೊದಿಕೆ ಇದೆಯೇ ನೋಡಿ. ಸೆಕೆಂಡ್‌ಹ್ಯಾಂಡ್ ಯಂತ್ರಗಳಲ್ಲಿ ಮೊದಲು ಕಾಣೆಯಾಗುವುದು ಅದೇ. ಸೆಕೆಗೆಂದು ಯಂತ್ರದ ಪಕ್ಕದ ಬಾಗಿಲು ತೆಗೆದಿಟ್ಟರೆ ಗಾಳಿ ದಾರಿ ತಪ್ಪಿ ಯಂತ್ರ ಇನ್ನಷ್ಟು ಬಿಸಿಯಾಗುತ್ತದೆ.

ಇನ್ನು ಹಚ್ಚುವುದು. ಹತ್ತು ನಿಮಿಷ ಓಡಿಸಿ, ಆರಿಸಿ, ವೈರು ಕಿತ್ತು, ಬೆಚ್ಚಗಿರುವಾಗಲೇ ಹೀಟ್‌ಸಿಂಕನ್ನು ತುಸು ತಿರುಚಿ ಎತ್ತಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಪ್ರೊಸೆಸರಿನ ನಡುವೆ ಬಟಾಣಿಯಷ್ಟು ಪೇಸ್ಟು ಸಾಕು, ಜಿಯಾನ್‌ನ ಅಗಲದ ಲೋಹದ ಮುಚ್ಚಳಕ್ಕೆ ತುಸು ಹೆಚ್ಚು. ಬೆಣ್ಣೆ ದೋಸೆ ಊರಿನ ಧಾರಾಳ ಇಲ್ಲಿ ಬೇಡ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಅರ್ಧರ್ಧ ಸುತ್ತು ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಹೀಟ್‌ಸಿಂಕ್ ಓರೆಯಾಗಿ ಒಂದು ಅಂಚಿನಲ್ಲಿ ಪೇಸ್ಟು ದಪ್ಪ ಉಳಿಯುತ್ತದೆ.

ಪೇಸ್ಟು ಮೆತ್ತಗಿದೆ, ಒತ್ತಡಕ್ಕೆ ತಾನೇ ಹರಡುತ್ತದೆ, ವಿದ್ಯುತ್ ಹರಿಸದ್ದರಿಂದ ಶಾರ್ಟ್ ಆಗುವ ಭಯವಿಲ್ಲ. 4 ಗ್ರಾಂ ಟ್ಯೂಬಿನಲ್ಲಿ ನಾಲ್ಕು ಜೋಡಿಗಾದರೂ ಆಗುತ್ತದೆ. ಎಂಟು ವರ್ಷ ಬಾಳುತ್ತದೆ ಎನ್ನುವುದು ಕಂಪನಿಯ ಮಾತು. ನಮ್ಮ ಬಿಸಿಲಿಗೆ ಮೂರು ವರ್ಷಕ್ಕೊಮ್ಮೆ ಬದಲಿಸುವುದು ವಾಸಿ. ಪವಾಡವನ್ನಂತೂ ನಿರೀಕ್ಷಿಸಬೇಡಿ: ಇ5-2680 ವಿ4 ಮಾದರಿಯ ಜಿಯಾನ್ ತಲಾ 120 ವ್ಯಾಟ್, ಎರಡಕ್ಕೆ 240. ಏಪ್ರಿಲ್‌ನಲ್ಲಿ ಕೋಣೆಯೇ 36 ಡಿಗ್ರಿ ಇದ್ದರೆ ಯಾವ ಪೇಸ್ಟೂ ಅದಕ್ಕಿಂತ ತಣ್ಣಗೆ ಮಾಡದು. ನಕಲಿ ಮಾಲೂ ಓಡಾಡುತ್ತಿರುವುದರಿಂದ ಅಸಲಿಯೇ ಎಂದು ಕಂಪನಿಯ ಜಾಲತಾಣದಲ್ಲಿ ಪರೀಕ್ಷಿಸಿಯೇ ಟ್ಯೂಬಿನ ಮುಚ್ಚಳ ತೆಗೆಯಿರಿ.