ಅಂಚು ಕತ್ತರಿಸದ ಬೈಂಡರ್

ಪುಣೆಯ ಅಪ್ಪಾ ಬಳವಂತ ಚೌಕದ ಹಿಂದಿನ ಗಲ್ಲಿಯಲ್ಲಿ, ಮರದ ಮೆಟ್ಟಿಲು ಹತ್ತಿದರೆ ಸಿಗುವ ಅಂಗಡಿ ಇದು. ಫಲಕವಿಲ್ಲ. ಕೆಳಗಿನ ಪಠ್ಯಪುಸ್ತಕದ ಮಳಿಗೆಯಲ್ಲಿ ‘ಬೈಂಡರ್ ಕಾಕಾ’ ಎಂದರೆ ಮೇಲಕ್ಕೆ ಕೈ ತೋರಿಸುತ್ತಾರೆ.

ನಾನು ಒಯ್ದದ್ದು ಕ್ರೈಸ್ತ ನಂಬಿಕೆಯನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ ಅಜ್ಜಿಯ ಪ್ರಶ್ನೋತ್ತರ ಪುಸ್ತಕ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ್ದು. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಚ್ಚುಕೂಟ ತೆರೆದವರು. ಸಭೆಯ ಪೂರ್ಣ ಸದಸ್ಯರಾಗುವ ದೃಢೀಕರಣ ವಿಧಿಗೆ ಮೊದಲು ಅಜ್ಜಿ, ಅಮ್ಮ, ನಾನು ಮೂವರೂ ಬಾಯಿಪಾಠ ಮಾಡಿದ್ದು ಈ ಒಂದೇ ಪ್ರತಿಯಿಂದ. ಈಗ ಇಲ್ಲಿನ ಕನ್ನಡ ಕ್ರೈಸ್ತ ಸಭೆಯ ಭಾನುವಾರ ಶಾಲೆಯಲ್ಲಿ ಇದನ್ನೇ ಹಿಡಿದು ಪಾಠ ಹೇಳುತ್ತೇನೆ. 1529ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಹಾಕಿಕೊಟ್ಟ ಕ್ರಮವೇ ಇದರಲ್ಲಿದೆ: ಬೈಬಲಿನ ಹತ್ತು ಆಜ್ಞೆಗಳಲ್ಲಿ ಒಂದೊಂದಾದ ಮೇಲೂ ‘ಇದರ ಅರ್ಥವೇನು?’ ಎಂಬ ಪ್ರಶ್ನೆ. ಪಾಠ ಒಪ್ಪಿಸಿದಾಗಲೆಲ್ಲ ಅಂಚಿನಲ್ಲಿ ಗುರುತು. ಅಜ್ಜಿಯ ಕಾಲದ್ದು ಸೀಸದಕಡ್ಡಿಯ ಗೆರೆ, ಅಮ್ಮನದು ನೀಲಿ ಶಾಯಿಯ ಚುಕ್ಕೆ. ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆಯ ಪಕ್ಕ ಅಜ್ಜಿಯ ಗೆರೆ ಮೂರಿವೆ. ಎರಡು ಸಲ ತಡವರಿಸಿದ್ದರಂತೆ.

ನನಗೆ ಈ ಅಂಚೇ ಮುಖ್ಯ. ಹಿಂದೊಮ್ಮೆ ಬೇರೆಡೆ ಕೊಟ್ಟ ನಮ್ಮ ಕೀರ್ತನೆಯ ಪುಸ್ತಕವನ್ನು ಯಂತ್ರಕ್ಕೆ ಕೊಟ್ಟು ಮೂರೂ ಕಡೆ ಸವರಿಬಿಟ್ಟಿದ್ದರು. ಮುತ್ತಜ್ಜನ ಕೈಬರಹ ಕಸದ ಬುಟ್ಟಿ ಸೇರಿತು. ಆ ಸಂಕಟ ಇಂದಿಗೂ ಆರಿಲ್ಲ.

ಕಾಕಾ ಮೊದಲು ಕೇಳಿದ್ದೇ ‘ತಾಈ, ಕಾಪಾಯಚಂ ನಾಹೀ ನಾ?’ ಎಂದು. ಅಕ್ಕಾ, ಕತ್ತರಿಸುವುದು ಬೇಡ ತಾನೆ, ಎಂದು ಮರಾಠಿಯಲ್ಲಿ. ಹಳೆಯ ದಾರ ಬಿಡಿಸಿ, ಫಾರಂಗಳನ್ನು, ಅಂದರೆ ಮಡಿಚಿದ ಹಾಳೆಗಳ ಕಂತೆಗಳನ್ನು, ಒಂದೊಂದಾಗಿ ಬೇರ್ಪಡಿಸಿ, ಹರಿದ ಮಡಿಕೆಗಳಿಗೆ ತೆಳು ಕಾಗದದ ಪಟ್ಟಿ ಅಂಟಿಸಿ, ಮತ್ತೆ ಕೈಯಿಂದಲೇ ಹೊಲಿದರು. ಅಂಟು ಮೈದಾದ್ದು, ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಬೆರೆಸಿದ್ದು. ಈಗ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಮಕ್ಕಳ ಧರ್ಮಪಾಠದ ಪುಸ್ತಕಗಳು ಉಳಿಯುವುದು ಅಪರೂಪ. ಗೋವೆಯ ಬೀದಿಗಳಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಸೇರಿಸುತ್ತಿದ್ದ ಜೆಸ್ವಿಟ್ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರರ ಧರ್ಮಪಾಠ 1557ರಲ್ಲಿ ಅಲ್ಲಿಯೇ ಅಚ್ಚಾಯಿತು. ಆ ಊರಿಗೆ ಅಚ್ಚುಯಂತ್ರ ಬಂದ ಮರುವರ್ಷವೇ. ಅದರ ಒಂದು ಪ್ರತಿಯೂ ಇಂದಿಗೂ ಸಿಕ್ಕಿಲ್ಲ. ಮಕ್ಕಳ ಕೈಯಲ್ಲಿ ಸವೆದೇ ಹೋದವೆಂದು ನಾನು ನಂಬುತ್ತೇನೆ. 1622ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ, ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸರ ಕೊಂಕಣಿ ಧರ್ಮಪಾಠ ಉಳಿದದ್ದು ನಮ್ಮ ಪುಣ್ಯ.

ಕೊರತೆಯೂ ಇದೆ. ಹತ್ತು ದಿನ ಎಂದವರು ಮೂರು ವಾರ ತೆಗೆದುಕೊಂಡರು, ಫೋನ್ ಎತ್ತುವುದಿಲ್ಲ. ಕನ್ನಡದ ಅಚ್ಚುಮೊಳೆ ಇಲ್ಲದ್ದರಿಂದ ರಟ್ಟಿನ ಮೇಲೆ ಹೆಸರು ಬರಲಿಲ್ಲ. ನಾನೇ ಬರೆದು ಅಂಟಿಸಿದೆ. ಕೂಲಿ 650 ರೂಪಾಯಿ. ಆ ಕೆಲಸಕ್ಕೆ ಕಡಿಮೆಯೇ.

ಹೋಗುವವರು ಬೆಳಿಗ್ಗೆ ಹನ್ನೊಂದರ ನಂತರ ಹೋಗಿ. ಅಂಚು ಮುಟ್ಟಬಾರದೆಂದು ಚೀಟಿಯಲ್ಲಿ ಬರೆದುಕೊಡಿ. ಕಾಕಾ ಇಲ್ಲದ ಹೊತ್ತು ಕೆಲಸದ ಹುಡುಗ ಇರುತ್ತಾನೆ. ಕಳೆದ ಭಾನುವಾರ ತರಗತಿಯ ಹುಡುಗಿಯೊಬ್ಬಳು ಎಂಟನೆಯ ಆಜ್ಞೆಯನ್ನು ಒಂದೇ ಸಲಕ್ಕೆ ಒಪ್ಪಿಸಿದಳು. ಅಜ್ಜಿಯ ಮೂರು ಗೆರೆಗಳ ಕೆಳಗೆ ಅವಳದೊಂದು ಗೆರೆ ಎಳೆಯಲು ಜಾಗವಿತ್ತು.