ಓಯಿ ನದಿ ದಾಟುವ ಪಯಣಿಗರು: ಒಂದು ವಾಜಿಮಾ ಪತ್ರಪೆಟ್ಟಿಗೆ

ಹಿಂದಿನ ಜಪಾನಿನಲ್ಲಿ ಎಡೋದಿಂದ (ಇಂದಿನ ಟೋಕಿಯೋ) ಕ್ಯೋಟೋಗೆ ಹೋಗುವ ತೋಕಾಯ್ದೋ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು. ಶಿಮಾದಾ ಮತ್ತು ಕಾನಾಯಾ ತಂಗುದಾಣಗಳ ನಡುವೆ ಓಯಿ ನದಿ ಅಡ್ಡ ಬರುತ್ತಿತ್ತು. ತೊಕುಗಾವಾ ಸೇನಾನಾಯಕ ಮನೆತನದ ಆಡಳಿತದಲ್ಲಿ ಅಲ್ಲಿ ಸೇತುವೆಯೂ ಇಲ್ಲ, ದೋಣಿಯೂ ಇಲ್ಲ. ಆಳುಗಳ ಹೆಗಲೇರಬೇಕು, ಇಲ್ಲವೇ ‘ರೆಂದಾಯ್’ ಎಂಬ ಏಣಿಯಂಥ ಹೊರುಮಂಚದ ಮೇಲೆ ಕೂರಬೇಕು. ಕೂಲಿ ನಿಗದಿಯಾಗುತ್ತಿದ್ದುದು ನೀರಿನ ಮಟ್ಟ ನೋಡಿ: ತೊಡೆಯವರೆಗೆ ಬಂದರೆ ಒಂದು ದರ, ಎದೆಯವರೆಗೆ ಬಂದರೆ ಇನ್ನೊಂದು. ಮೆರುಗು ಲೇಪದ ಸಾಮಾನಿಗೆ ಹೆಸರಾದ ವಾಜಿಮಾ ಊರಿನ ಈ ಪತ್ರಪೆಟ್ಟಿಗೆಯ ಮುಚ್ಚಳದ ಮೇಲಿರುವುದು ಆ ದೃಶ್ಯ.

ಕೆಲಸದ ಹೆಚ್ಚುಗಾರಿಕೆ ಇರುವುದು ಆಳುಗಳ ಸೊಂಟದ ಹತ್ತಿರ. ನೀರಿನಿಂದ ಮೇಲಿನ ಮೈ ‘ತಾಕಾಮಾಕಿ-ಎ’, ಅಂದರೆ ಇದ್ದಿಲ ಪುಡಿ ಮತ್ತು ಉರುಷಿಯಿಂದ (ಅದೇ ಹೆಸರಿನ ಮರದ ಹಾಲಿನಿಂದಾದ ಮೆರುಗು ಲೇಪ) ಉಬ್ಬಿಸಿ ಮೇಲೆ ಚಿನ್ನದ ಪುಡಿ ಉದುರಿಸಿದ್ದು. ನೀರೊಳಗಿನ ಕಾಲುಗಳು ‘ತೊಗಿದಾಶಿ’. ಅಲ್ಲಿ ಚಿನ್ನ ಉದುರಿಸಿ, ಅದು ಗಟ್ಟಿಯಾದ ಮೇಲೆ ಕಪ್ಪು ಉರುಷಿಯಿಂದ ಪೂರ್ತಿ ಮುಚ್ಚಿ, ಚಿನ್ನ ಮತ್ತೆ ಕಾಣುವವರೆಗೆ ಇದ್ದಿಲಿನಿಂದ ತೇಯುತ್ತಾರೆ. ಬೆರಳಾಡಿಸಿದರೆ ಹೆಗಲು ತಟ್ಟುತ್ತದೆ, ಕಾಲು ತಟ್ಟುವುದೇ ಇಲ್ಲ. ನಿಜವಾಗಿಯೂ ನೀರೊಳಗೆ ಮುಳುಗಿವೆ. ಒಬ್ಬರು ಕೂತ ರೆಂದಾಯ್‌ಗೆ ನಾಲ್ಕು ಆಳುಗಳು ಬೇಕು, ಇಲ್ಲೂ ನಾಲ್ವರೇ ಇದ್ದಾರೆ. ಇತಿಹಾಸ ಓದಿ ಬಿಡಿಸಿದ ಕೈ ಇದು.

ದೂರದ ಬೆಟ್ಟ ಮಾತ್ರ ಸೋತಿದೆ. ಮನುಷ್ಯರಿಗೆ ಬಳಸಿದ ಗಾತ್ರದ ಚಿನ್ನದ ಪುಡಿಯನ್ನೇ ಅಲ್ಲಿಗೂ ಬಳಸಿದ್ದರಿಂದ ಬೆಟ್ಟ ಮುಂದಕ್ಕೆ ನುಗ್ಗಿ ಬಂದಂತೆ ಕಾಣುತ್ತದೆ. ನುಣುಪು ಪುಡಿಯನ್ನು ವಿರಳವಾಗಿ ಉದುರಿಸಿದ್ದರೆ ಹಿಂದೆ ಸರಿಯುತ್ತಿತ್ತು. ರೆಂದಾಯ್‌ನ ಒಂದು ಕಾಲಿನ ಮೇಲೆ ಸಣ್ಣ ಸುಕ್ಕೂ ಇದೆ. ಉರುಷಿ ಬಣ್ಣದಂತೆ ಆರುವುದಿಲ್ಲ, ತೇವದ ಗಾಳಿಯಲ್ಲಿ ಅದರೊಳಗಿನ ಕಿಣ್ವ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತದೆ. ಅದಕ್ಕಾಗಿ 20–25 ಡಿಗ್ರಿ ಶಾಖ, ಶೇ. 70–80 ತೇವ ಇರುವ ಕಪಾಟಿನಲ್ಲಿಡುತ್ತಾರೆ. ಒಂದೇ ಸಲ ದಪ್ಪ ಬಳಿದರೆ ಮೇಲ್ಪದರ ಮೊದಲು ಬಿಗಿದು ಒಳಗಿನದು ಹಸಿಯಾಗಿಯೇ ಉಳಿಯುತ್ತದೆ. ಸುಕ್ಕು ಬರುವುದು ಹಾಗೆ.

ಲೇಪದ ತಳಪಾಯದ ಬಗ್ಗೆ ದೂರಿಲ್ಲ. ವಾಜಿಮಾ ಪದ್ಧತಿಯಂತೆ ಮೂಲೆ, ಅಂಚುಗಳಿಗೆ ಬಟ್ಟೆ ಅಂಟಿಸಿ, ಸುಟ್ಟ ಡಯಾಟಮ್ ಮಣ್ಣಿನ (ಸೂಕ್ಷ್ಮ ಪಾಚಿಗಳ ಚಿಪ್ಪುಗಳಿಂದಾದ ಮಣ್ಣು) ಪುಡಿ ಬೆರೆಸಿದ ಉರುಷಿಯನ್ನು ಮೂರು ಹಂತದಲ್ಲಿ ಹಚ್ಚಿದ್ದಾರೆ. ಮುಚ್ಚಳವನ್ನು ಇಟ್ಟು ಕೈಬಿಟ್ಟರೆ ಒಳಗಿನ ಗಾಳಿ ಹೊರಹೋಗುತ್ತಾ ತಾನಾಗಿ ನಿಧಾನಕ್ಕೆ ಕೂರುತ್ತದೆ. ಮರ ಸೊಟ್ಟಗಾಗಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ.

ಇಂಥದ್ದನ್ನು ಕೊಳ್ಳುವವರು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಒಯ್ಯಲೇಬೇಕು. ಕೈಯಿಂದ ಉದುರಿಸಿದ ಚಿನ್ನ ಬಿಡಿಬಿಡಿ ಕಣಗಳಾಗಿ, ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳುವಾಗಿ ಕಾಣುತ್ತದೆ. ಅಚ್ಚು ಹಾಕಿದ್ದಾದರೆ ಚುಕ್ಕೆಗಳೆಲ್ಲ ಒಂದೇ ಸಮ. ಜಪಾನಿನಲ್ಲಿ ಮಾರುವ ಸಾಮಾನಿನ ಗುಣಮಟ್ಟದ ಚೀಟಿಯಲ್ಲಿ ಒಳಗಿನ ವಸ್ತು ಮರವೋ ಪ್ಲಾಸ್ಟಿಕ್ಕೋ, ಲೇಪ ಉರುಷಿಯೋ ಕೃತಕ ಯುರೆಥೇನೋ ಎಂದು ಬರೆದಿರುತ್ತದೆ. ಆ ಚೀಟಿ ಓದಿಸಿಕೊಳ್ಳದೆ ದುಡ್ಡು ಕೊಡಬೇಡಿ.

ಉರುಷಿ ಮರ ನಮ್ಮ ಮಾವು, ಗೋಡಂಬಿ, ಕೇರುಗಳ ಕುಟುಂಬದ್ದು. ಹಸಿ ಉರುಷಿ ಮೈಗೆ ತಾಗಿದರೆ ಕೇರೆಣ್ಣೆಯಂತೆಯೇ ಗುಳ್ಳೆ ಏಳುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಸಾಮಾನ್ಯವಾಗಿ ಭಯವಿಲ್ಲ. ಆದರೂ ಕೇರಿನ ಅಲರ್ಜಿ ಇರುವವರು ಹೊಸ ಪೆಟ್ಟಿಗೆಯ ವಾಸನೆ ಹೋಗುವವರೆಗೆ ಅದನ್ನು ಗಾಳಿಗೆ ತೆರೆದಿಡುವುದು ಲೇಸು.

ಮನೆಯಲ್ಲಿ ದೊಡ್ಡ ಶತ್ರು ಬಿಸಿಲು: ನೇರ ಬೆಳಕು ಬಿದ್ದರೆ ಕಪ್ಪಿನ ಹೊಳಪು ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಬೇಡಿ, ಒಣಗಿದ ಮರ ಕುಗ್ಗಿ ಲೇಪ ಸೀಳುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಗಾಜಿನ ಕಪಾಟಿನ ಮೂಲೆಗೊಂದು ಲೋಟ ನೀರಿಡಿ. ಬೆರಳ ಗುರುತನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ; ಉಬ್ಬು ಚಿನ್ನದ ಮೇಲೆ ಮಾತ್ರ ಒತ್ತಬೇಡಿ.