ಕೂಲೆಂಟ್ ಎಷ್ಟು ಬಿಸಿ? ಒಂದು ಮಳೆಗಾಲ ಕಂಡ ನನ್ನ ಒಬಿಡಿ ಸ್ಕ್ಯಾನರ್

ಒಬಿಡಿ ಸ್ಕ್ಯಾನರ್ ಅಂದರೆ ಕಾರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಇಂಜಿನ್ನಿನ ಅಂಕಿಅಂಶಗಳನ್ನು ಫೋನಿನಲ್ಲಿ ತೋರಿಸುವ ಪುಟ್ಟ ಸಾಧನ. ಈ ಬ್ಲೂಟೂತ್ ಸ್ಕ್ಯಾನರಿನಲ್ಲಿ ನನಗೆ ಬೇಕಾದ್ದು ಒಂದೇ, ಕೂಲೆಂಟಿನ (ಇಂಜಿನ್ ತಂಪಾಗಿಡುವ ದ್ರವದ) ಬಿಸಿ ಅಂಕಿಯಲ್ಲಿ ಕಾಣುವುದು. ನನ್ನ ಪೆಟ್ರೋಲ್ ಕಾರಿನಲ್ಲಿ ಟೆಂಪರೇಚರ್ ಮೀಟರೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಜಾಸ್ತಿ ಕಾದರೆ ಕೆಂಪು ದೀಪ. ನಡುವೆ ಏನಾಗುತ್ತಿದೆ ಅಂತ ತಿಳಿಯುವುದೇ ಇಲ್ಲ.

ಬೆಳಿಗ್ಗೆ ಕಾಸರಗೋಡಿನ ಬದಿಯಡ್ಕದಿಂದ ಹೊರಡುವಾಗ ಫೋನನ್ನು ಹೋಲ್ಡರಿಗೆ ಸಿಕ್ಕಿಸಿ ಅಂಕಿ ಏರುವುದನ್ನು ನೋಡುವುದು ಈಗ ಅಭ್ಯಾಸ. ಮಳೆಗಾಲದಲ್ಲಿ 26, 27 ಡಿಗ್ರಿಯಿಂದ ಶುರು. ಇಂಜಿನ್ ಸರಿಯಿದ್ದರೆ ಸ್ವಲ್ಪ ದೂರದಲ್ಲೇ 90ರ ಆಸುಪಾಸಿಗೆ ಬಂದು ನಿಲ್ಲಬೇಕು. ನನ್ನದು ಅಷ್ಟು ದೂರದ ಕುಂಬಳೆ ಮುಟ್ಟಿದರೂ 70 ದಾಟುತ್ತಿರಲಿಲ್ಲ. ಹೆದ್ದಾರಿಯಲ್ಲಿ ಗಾಳಿ ಬಡಿದರೆ ಮತ್ತೆ ಇಳಿಯುತ್ತಿತ್ತು, ತಲಪಾಡಿಯಲ್ಲಿ ನಿಂತರೆ ಏರುತ್ತಿತ್ತು. ಗಾಜಿನ ಮಂಜು ತೆಗೆಯಲು ಹೀಟರ್ ಹಾಕಿದರೆ ಬರೀ ಉಗುರುಬೆಚ್ಚಗಿನ ಗಾಳಿ. ಮೈಲೇಜೂ ಬಿದ್ದಿತ್ತು. ಗ್ಯಾರೇಜಿನವರು “ಇಂಜೆಕ್ಟರ್ ಕ್ಲೀನ್ ಮಾಡಿಸಿ ಅಣ್ಣಾ” ಅಂದರು. ಅಂಕಿ ಹೇಳುತ್ತಿದ್ದದ್ದು ಬೇರೆ. ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಮುಚ್ಚಿಕೊಳ್ಳದೆ ಕೂಲೆಂಟ್ ಮೊದಲಿನಿಂದಲೇ ರೇಡಿಯೇಟರಿಗೆ ಹರಿಯುತ್ತಿರಬೇಕು ಅನ್ನಿಸಿತು.

ಹಾಗಂತ ಸ್ಕ್ಯಾನರ್ ಒಂದನ್ನೇ ನಂಬಿ ಪಾರ್ಟ್ ತರಬೇಡಿ. ಆಮೇಲೆ ಸ್ಕ್ಯಾನರಿನಲ್ಲಿ ಬಂದ ಪಿ0128 ಅನ್ನುವ ದೋಷದ ಕೋಡ್ ತಿಳಿಸುವುದು ಇಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಅಂತ, ಅಷ್ಟೇ. ಸೆನ್ಸರ್ ಕೆಟ್ಟರೂ, ಕೂಲೆಂಟ್ ಕಮ್ಮಿಯಾದರೂ ಅದು ಬರಬಹುದು. ಅದಕ್ಕೇ ತಣ್ಣಗಿದ್ದ ಇಂಜಿನ್ ಚಾಲೂ ಮಾಡಿ, ಫ್ಯಾನಿನಿಂದ ಕೈ ದೂರ ಇಟ್ಟು, ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿದೆ. ಥರ್ಮೋಸ್ಟಾಟ್ ತೆರೆಯುವವರೆಗೆ ಅದು ತಣ್ಣಗಿರಬೇಕು. ನನ್ನದು ಶುರುವಿನಿಂದಲೇ ಮೆಲ್ಲ ಮೆಲ್ಲ ಬೆಚ್ಚಗಾಗುತ್ತಾ ಬಂತು. ಇಂಜಿನ್ ಪೂರ್ತಿ ಆರಿದ ಮೇಲೆ (ಬಿಸಿಯಿರುವಾಗ ಕ್ಯಾಪ್ ತೆರೆಯಲೇಬೇಡಿ) ಥರ್ಮೋಸ್ಟಾಟ್ ಬಿಚ್ಚಿದರೆ, ವಾಲ್ವ್ ತಣ್ಣಗಿದ್ದರೂ ಸಂದು ಬಿಟ್ಟುಕೊಂಡೇ ಇತ್ತು.

ಹೊಸದನ್ನು ಹಾಕುವ ಮೊದಲು ದಾರ ಕಟ್ಟಿ ಪಾತ್ರೆಯ ನೀರಿಗೆ ಇಳಿಬಿಟ್ಟೆ, ಪಕ್ಕದಲ್ಲಿ ಥರ್ಮಾಮೀಟರ್. ಅದರ ಮೇಲೆ 82 ಅಂತ ಅಚ್ಚಾಗಿದೆ. ನೀರು ಅಲ್ಲಿಗೆ ಬರುತ್ತಲೇ ಒಳಗಿನ ಮೇಣ ಕರಗಿ ಹಿಗ್ಗಿ ವಾಲ್ವ್ ನಿಧಾನಕ್ಕೆ ಬಾಯಿ ತೆರೆಯಿತು. ನೋಡಲು ಎಷ್ಟು ಚೆಂದ! ಈಗ ಕುಂಬಳೆಗೆ ಮೊದಲೇ 88.

ಆದರೆ ಈ ಸ್ಕ್ಯಾನರಿಗೆ ಸ್ವಿಚ್ ಇಲ್ಲ ಅನ್ನುವುದು ನನಗೆ ದೊಡ್ಡ ಕಿರಿಕಿರಿ. ಕಾರು ಆಫ್ ಆದರೂ ಒಬಿಡಿ ಸಾಕೆಟ್ಟಿನಲ್ಲಿ ಕರೆಂಟ್ ಇರುತ್ತದೆ. ಹಾಗೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ದಿನಾ ಸ್ಟೇರಿಂಗ್ ಕೆಳಗೆ ಬಗ್ಗಿ ತೆಗೆಯುವುದು ಬೆನ್ನುನೋವಿನವರಿಗೆ ಕಷ್ಟ ಅಲ್ವಾ? ಬ್ಲೂಟೂತ್ ಕೂಡ ಆಗಾಗ ಕಡಿದುಹೋಗುತ್ತದೆ. 600 ರೂಪಾಯಿ ಕೊಟ್ಟದ್ದಕ್ಕೆ ಬೇಸರವಿಲ್ಲ. ಆದರೆ ಸ್ವಿಚ್ ಇರುವುದು ಸಿಕ್ಕಿದರೆ 200 ಜಾಸ್ತಿ ಆದರೂ ಅದನ್ನೇ ತಗೊಳ್ಳಿ.